ಯಾವ ಮೇಪಲ್ ಎಂದು ಹೇಳದ ಮೇಪಲ್ ಕಿಟ್

ಕೆನಡಾದಿಂದ ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಮೇಪಲ್ ಸಿರಪ್ಪಿನ ಸೀಸೆ ಮತ್ತು ಎಲೆಯಾಕಾರದ ಬಿಸ್ಕತ್ತು ಇರುವುದು ಹಳೆಯ ವಾಡಿಕೆ. ಈಚೆಗೆ ಅವುಗಳ ಜೊತೆಗೆ ‘ನಿಮ್ಮ ಮೇಪಲ್ ಮರವನ್ನು ನೀವೇ ಬೆಳೆಸಿ’ ಎಂದು ಬರೆದ ತಗಡಿನ ಡಬ್ಬಿಯೊಂದು ಉಡುಗೊರೆ ಅಂಗಡಿಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಇದನ್ನು ಯಾರಿಗಾದರೂ ಕೊಡುವ ಮೊದಲು ನಾನೇ ಒಮ್ಮೆ ಪರೀಕ್ಷಿಸಬೇಕೆಂದು ಕಳೆದ ಡಿಸೆಂಬರಿನಲ್ಲಿ, ನಾವಿರುವ ವಾಟರ್‌ಲೂ ಊರಿನ ಅಂಗಡಿಯೊಂದರಿಂದ ಕೊಂಡು ತಂದೆ. ಬೆಲೆ 18 ಡಾಲರ್. ಒಂಟಾರಿಯೋದ ಶೇಕಡಾ 13ರ ತೆರಿಗೆ ಸೇರಿದ ಮೇಲೆ 20 ಡಾಲರಿನ ನೋಟು ಕೊಟ್ಟು, ಅದರ ಮೇಲೆ 35 ಸೆಂಟಿನ ಚಿಲ್ಲರೆಯನ್ನೂ ಹುಡುಕಬೇಕಾಯಿತು. ಆ ನೋಟಿನ ಮಾತು ಮುಂದೆ ಮತ್ತೆ ಬರುತ್ತದೆ. ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಇಂಥ ಡಬ್ಬಿಗಳನ್ನು ಮಾರುವವರು ಹಲವರಿದ್ದಾರೆ ಮತ್ತು ಬೇರೆ ಅಂಗಡಿಗಳಲ್ಲಿ ನಾನು ತಿರುವಿ ನೋಡಿದ ಡಬ್ಬಿಗಳ ಬೆನ್ನಿನ ಬರಹವೂ ಬಹುಪಾಲು ಇದೇ ಬಗೆಯದಾಗಿತ್ತು.

ಡಬ್ಬಿ ನೋಡಲು ಸೊಗಸಾಗಿದೆ. ಮುಚ್ಚಳದ ಮೇಲೆ ಕೆಂಪು ಎಲೆ. 1965ರ ಫೆಬ್ರವರಿ 15ರಂದು ಜಾರಿಗೆ ಬಂದ ಕೆನಡಾದ ಬಾವುಟದಲ್ಲಿರುವ, ಹನ್ನೊಂದು ಮೊನೆಗಳ ಎಲೆಯನ್ನೇ ಹೋಲುವಂಥದ್ದು. ಒಳಗೆ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಮಣ್ಣಿನ ಕುಂಡ, ನೀರು ಹಾಕಿದರೆ ಉಬ್ಬುವ ತೆಂಗಿನ ನಾರಿನ ಎರಡು ಬಿಲ್ಲೆಗಳು, ಹತ್ತು ಬೀಜಗಳ ಕಾಗದದ ಪೊಟ್ಟಣ, ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಅಚ್ಚಾದ ಸೂಚನೆಯ ಹಾಳೆ. ನಾರಿನ ಬಿಲ್ಲೆಯ ಹೊದಿಕೆಯಲ್ಲಿ ‘ಭಾರತದ ಉತ್ಪನ್ನ’ ಎಂದಿದ್ದುದನ್ನು ಓದಿ, ತೀರ್ಥಹಳ್ಳಿಯಿಂದ ಬಂದಿದ್ದ ನನ್ನ ಅಮ್ಮ, ತೆಂಗಿನ ಸಿಪ್ಪೆಯನ್ನು ಒಲೆಗೆ ಹಾಕಿ ಸುಟ್ಟದ್ದೆಷ್ಟೋ ಎಂದು ನಕ್ಕರು. ಬಿಲ್ಲೆಯ ಗುಣಮಟ್ಟದ ಬಗ್ಗೆ ನನ್ನ ತಕರಾರಿಲ್ಲ. ಇಡೀ ಡಬ್ಬಿಯಲ್ಲಿ ಹೇಳಿದ ಕೆಲಸವನ್ನು ಹೇಳಿದಂತೆ ಮಾಡಿದ ವಸ್ತು ಅದೊಂದೇ.

ತಕರಾರು ಇರುವುದು ಬೀಜದ ಪೊಟ್ಟಣದ ಬಗ್ಗೆ. ಅದರ ಮೇಲೆ ‘ಮೇಪಲ್’ ಎಂಬ ಒಂದೇ ಒಂದು ಪದವಿದೆ. ಯಾವ ಜಾತಿ, ಯಾವ ವರ್ಷ ಆರಿಸಿದ್ದು, ಎಲ್ಲಿ ಆರಿಸಿದ್ದು, ಒಂದೂ ಇಲ್ಲ. ನಮ್ಮಲ್ಲಿ ಯಾರಾದರೂ ಪೊಟ್ಟಣದ ಮೇಲೆ ಬರಿಯ ‘ಬೇಳೆಕಾಳು’ ಎಂದು ಬರೆದು ಮಾರಿದರೆ ಕೊಳ್ಳುವವರು, ತೊಗರಿಯೋ ಹೆಸರೋ ಎಂದು ಮೊದಲು ಕೇಳುತ್ತಾರೆ. ಮೇಪಲ್ ವಿಷಯದಲ್ಲಿ ಈ ಪ್ರಶ್ನೆ ಅದಕ್ಕಿಂತಲೂ ಮುಖ್ಯವಾದದ್ದು. ಏಸರ್ ಎಂಬ ಈ ಕುಲದಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ (ನಮ್ಮ ಅಂಟುವಾಳ ಮತ್ತು ಲಿಚಿ ಸೇರಿದ ಕುಟುಂಬವೇ ಇದರದ್ದೂ ಎಂಬುದು ನನಗೆ ಈ ಪ್ರಯೋಗದ ನಡುವೆ ತಿಳಿದ ಸಂಗತಿ), ಮತ್ತು ಬೀಜ ಮೊಳೆಯುವ ರೀತಿ ಜಾತಿಯಿಂದ ಜಾತಿಗೆ ಪೂರಾ ಬೇರೆ. ಸಿಲ್ವರ್ ಮೇಪಲ್ಲಿನ ಬೀಜ ವಸಂತದ ಕೊನೆಗೆ ಉದುರಿ, ಬಿದ್ದ ಕೆಲವೇ ದಿನಗಳಲ್ಲಿ ಮೊಳೆಯುತ್ತದೆ. ಒಣಗಿಸಿ ಇಟ್ಟರೆ ಸತ್ತೇ ಹೋಗುತ್ತದೆ. ಸಿರಪ್ ಕೊಡುವ ಶುಗರ್ ಮೇಪಲ್ಲಿನ ಬೀಜ ಶರತ್ಕಾಲದಲ್ಲಿ ಉದುರಿ, ಹಿಮದಡಿಯಲ್ಲಿ ಚಳಿಗಾಲವನ್ನೆಲ್ಲ ಕಳೆದು, ಹಿಮ ಕರಗುವ ಹೊತ್ತಿಗೆ ಬೇರು ಬಿಡುತ್ತದೆ. ತೋಟಪ್ರಿಯರು ಆಸೆಪಡುವ ಜಪಾನಿ ಮೇಪಲ್ಲಿಗೆ ಸುಮಾರು ಮೂರರಿಂದ ನಾಲ್ಕು ತಿಂಗಳ ತೇವದ ಚಳಿ ಬೇಕು. ಹೀಗಿರುವಾಗ ಜಾತಿಯನ್ನೇ ಹೇಳದ ಪೊಟ್ಟಣಕ್ಕೆ ಯಾವ ಸೂಚನೆಯನ್ನು ಬರೆದರೂ ಅದು ಕತ್ತಲೆಯಲ್ಲಿ ಕಲ್ಲು ಎಸೆದಂತೆಯೇ.

ಹಾಳೆಯಲ್ಲಿದ್ದ ಸೂಚನೆಯಾದರೂ ಯಾವುದು? ಬೀಜಗಳನ್ನು ಒಂದು ರಾತ್ರಿ ನೆನೆಸಿ, ಉಬ್ಬಿದ ನಾರಿನಲ್ಲಿ ಒಂದಿಂಚು ಆಳಕ್ಕೆ ಒತ್ತಿ, ಬಿಸಿಲು ಬೀಳುವ ಬೆಚ್ಚಗಿನ ಕಿಟಕಿಯಲ್ಲಿಡಿ. ಎರಡು ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಟೊಮೆಟೊ ಬೀಜಕ್ಕೆ ಬರೆದದ್ದನ್ನೇ ಇಲ್ಲಿಗೆ ಅಂಟಿಸಿದ್ದಾರೆಂದು ನನ್ನ ಗುಮಾನಿ. ಆದರೂ ವಿಮರ್ಶೆ ಮಾಡುವವರು ಹೇಳಿದಂತೆ ಮಾಡಿಯೇ ನೋಡಬೇಕಾದ್ದರಿಂದ, ಡಿಸೆಂಬರ್ 10ರಂದು ನಾಲ್ಕು ಬೀಜಗಳನ್ನು ಅಕ್ಷರಶಃ ಹಾಳೆಯಲ್ಲಿದ್ದಂತೆ ಹಾಕಿ ದಕ್ಷಿಣದ ಕಿಟಕಿಯಲ್ಲಿಟ್ಟೆ. ಆರು ವಾರ ಕಾದರೂ ಏನೂ ಬರಲಿಲ್ಲ. ಜನವರಿಯ ಕೊನೆಗೆ ಕೆದಕಿ ನೋಡಿದಾಗ ಮೂರು ಬೀಜಗಳು ಮೆತ್ತಗಾಗಿ, ಬೂದುಬಣ್ಣದ ಬೂಸ್ಟು ಹಿಡಿದು, ಮುಟ್ಟಿದರೆ ಕೆಟ್ಟ ವಾಸನೆ ಬರುತ್ತಿತ್ತು. ನಾಲ್ಕನೆಯದನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ತಿರುಳೇ ಇರಲಿಲ್ಲ. ಈ ಡಬ್ಬಿಯನ್ನು ಉಡುಗೊರೆಯಾಗಿ ಪಡೆದ ಯಾವುದೋ ಮಗು ಇದೇ ಆರು ವಾರ ಪ್ರತಿದಿನ ಬೆಳಿಗ್ಗೆ ಕಿಟಕಿಯ ಬಳಿ ಹೋಗಿ ನೋಡಿ, ತಾನೇ ಏನೋ ತಪ್ಪು ಮಾಡಿದೆನೆಂದು ಅಂದುಕೊಳ್ಳುವುದನ್ನು ನೆನೆದಾಗ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂದದ್ದು.

ಉಳಿದ ಆರು ಬೀಜಗಳಿಗೆ ಅದೇ ಡಿಸೆಂಬರ್ 10ರಂದೇ ನನಗೆ ತಿಳಿದ ದಾರಿಯನ್ನು ಹಿಡಿದಿದ್ದೆ. ಇಲ್ಲಿನ ತೋಟಗಾರರು ಇದನ್ನು ಕೋಲ್ಡ್ ಸ್ಟ್ರಾಟಿಫಿಕೇಶನ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬೀಜಕ್ಕೆ ಸುಳ್ಳು ಚಳಿಗಾಲವೊಂದನ್ನು ತೋರಿಸುವುದು. ಶರತ್ಕಾಲದಲ್ಲಿ ಉದುರುವ ಬೀಜ ಆಗಲೇ ಮೊಳೆತರೆ ಎಳೆಗಿಡ ಹಿಮಕ್ಕೆ ಸಿಕ್ಕಿ ಸಾಯುವುದು ಖಂಡಿತ. ಹಾಗಾಗದಂತೆ ಬೀಜದೊಳಗೆ ಅಬ್ಸಿಸಿಕ್ ಆಮ್ಲವೆಂಬ ತಡೆಯೊಂದಿದ್ದು, ವಾರಗಟ್ಟಲೆ ತೇವ ಮತ್ತು ಚಳಿ ಎರಡೂ ಒಟ್ಟಿಗೆ ಸಿಕ್ಕಾಗ ಮಾತ್ರ ಅದು ಮೆಲ್ಲಗೆ ಇಳಿಯುತ್ತ ಹೋಗುತ್ತದೆ. ಒಣಚಳಿಯಿಂದ ಪ್ರಯೋಜನವಿಲ್ಲ, ಬೀಜವನ್ನು ಕಾಗದದ ಪೊಟ್ಟಣದಲ್ಲೇ ಫ್ರಿಜ್ಜಿನಲ್ಲಿಟ್ಟರೆ ಅದು ನಿದ್ದೆಯನ್ನು ಮುಂದುವರಿಸುತ್ತದೆ, ಅಷ್ಟೆ.

ಮಾಡಬೇಕಾದ್ದು ಹೆಚ್ಚೇನಿಲ್ಲ. ಬೀಜವನ್ನು 24 ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ತೆಂಗಿನ ನಾರಿನ ಪುಡಿಯನ್ನು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ, ಎರಡನ್ನೂ ಬೆರೆಸಿ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಫ್ರಿಜ್ಜಿನ ತರಕಾರಿ ಡ್ರಾಯರಿನಲ್ಲಿ ಇಟ್ಟರಾಯಿತು. ಎಲ್ಲ ಇರುವುದು ಹಿಂಡುವುದರಲ್ಲಿ. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಹನಿ ಬೀಳಬಾರದು, ಆದರೆ ಕೈ ಬಿಚ್ಚಿದಾಗ ಅಂಗೈ ಒದ್ದೆಯಾಗಿರಬೇಕು. ಅವಲಕ್ಕಿಯನ್ನು ಒಗ್ಗರಣೆಗೆ ನೆನೆಸಿ ಹಿಂಡುತ್ತೇವಲ್ಲ, ಅದೇ ಹದ. ನೀರು ಹೆಚ್ಚಾದರೆ ಬೀಜಕ್ಕೆ ಉಸಿರಿಲ್ಲದೆ ಕೊಳೆಯುತ್ತದೆ. ವಾರಕ್ಕೊಮ್ಮೆ ಚೀಲ ತೆರೆದು ಗಾಳಿಯಾಡಿಸಿ, ಬೂಸ್ಟು ಕಂಡ ಬೀಜವನ್ನು ತೆಗೆದು ಹಾಕಬೇಕು. ಚೀಲದ ಮೇಲೆ ಜಾತಿ ಮತ್ತು ತಾರೀಕನ್ನು ಬರೆಯುವುದನ್ನು ಮರೆಯಬಾರದು. ನಾನು ಮೊದಲ ವಾರ ಬರೆಯದೆ ಇಟ್ಟಿದ್ದೆ. ಅಮ್ಮ ಅದನ್ನು ಹಳೆಯ ಚಟ್ನಿಪುಡಿಯೆಂದು ತಿಳಿದು ಕಸದ ಬುಟ್ಟಿಗೆ ಹಾಕಿದ್ದರು. ಬುಟ್ಟಿಯಿಂದ ಎತ್ತಿ ತಂದು ತೊಳೆಯುತ್ತಿದ್ದಾಗ, “ಬೀಜ ಮಣ್ಣಿಗೆ ಹಾಕೋದು ಬಿಟ್ಟು ತಂಗಳುಪೆಟ್ಟಿಗೆಯಲ್ಲಿ ಇಟ್ಕೊಂಡು ಕೂತಿದ್ದೀಯಲ್ಲೇ” ಎಂದರು. ಅವರ ಲೆಕ್ಕದಲ್ಲಿ ಅದು ಸರಿಯೇ. ಹಣ್ಣಡಿಕೆಯನ್ನು ಕೊಯ್ದ ಕೂಡಲೇ ತೊಟ್ಟು ಮೇಲಾಗಿ ಮರಳಿನ ಮಡಿಗೆ ಇಟ್ಟು ಸಸಿ ಮಾಡಿದ ಕೈ ಅದು. ಬೀಜ ಒಣಗಿದರೆ ಕೆಟ್ಟಿತೆಂಬುದು ಆ ಕೈಗೆ ಗೊತ್ತು. ಸಿಲ್ವರ್ ಮೇಪಲ್ ಕೂಡ ಅಡಿಕೆಯ ಜಾತಕದ್ದೇ ಎಂದು ಹೇಳಿದ ಮೇಲೆ ಅವರಿಗೆ ಈ ಮರಗಳ ಬಗ್ಗೆ ಸ್ವಲ್ಪ ಗೌರವ ಮೂಡಿತು.

ಡಬ್ಬಿಯ ಬೀಜಗಳ ಪಕ್ಕದಲ್ಲೇ ಅದೇ ಡ್ರಾಯರಿನಲ್ಲಿ ಇನ್ನೊಂದು ಚೀಲವಿತ್ತು. ಅಕ್ಟೋಬರಿನಲ್ಲಿ ನಮ್ಮ ಬೀದಿಯ ಕೊನೆಯ ಪಾರ್ಕಿನ ಶುಗರ್ ಮೇಪಲ್ ಮರದಡಿಯಲ್ಲಿ ನಾನೂ ಅಮ್ಮನೂ ಆರಿಸಿದ ಬೀಜಗಳವು. ಮೇಪಲ್ಲಿನ ಕಾಯಿ ಜೋಡಿಯಾಗಿ, ಎರಡು ರೆಕ್ಕೆ ಕಟ್ಟಿಕೊಂಡು ಇರುತ್ತದೆ. ಬೀಳುವಾಗ ಗಿರಗಿಟ್ಟಲೆಯಂತೆ ತಿರುಗುತ್ತ ಬೀಳುತ್ತದೆ. ಶುಗರ್ ಮೇಪಲ್ಲಿನ ಜೋಡಿಯಲ್ಲಿ ಸಾಮಾನ್ಯವಾಗಿ ಒಂದೇ ಕಾಯಿ ತುಂಬಿರುತ್ತದೆ, ಇನ್ನೊಂದು ಪೊಳ್ಳು. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ, ಬಟಾಣಿಯಂತೆ ಗುಂಡಗೆ ಗಟ್ಟಿಯಾಗಿ ಸಿಕ್ಕದ್ದನ್ನು ಇಟ್ಟುಕೊಂಡು ಉಳಿದುದನ್ನು ಬಿಟ್ಟರಾಯಿತು. ಹೀಗೆ ಆಯ್ದ 48 ಬೀಜಗಳು ನವೆಂಬರ್ 1ರಂದು ಫ್ರಿಜ್ಜಿಗೆ ಹೋದವು. ಮೊದಲ ಬೇರು ಜನವರಿ 20ರಂದು ಕಂಡಿತು. ಫೆಬ್ರವರಿ ಮುಗಿಯುವಷ್ಟರಲ್ಲಿ 21 ಬೀಜಗಳು ಫ್ರಿಜ್ಜಿನ ಕತ್ತಲೆಯಲ್ಲೇ ಮೊಳೆತಿದ್ದವು. ಇದರಲ್ಲಿ ಆಶ್ಚರ್ಯವೇನಿಲ್ಲ: ಶುಗರ್ ಮೇಪಲ್ ಬೀಜ ಮೊಳೆಯಲು ಎಲ್ಲಕ್ಕಿಂತ ಮೆಚ್ಚುವ ತಾಪಮಾನ ನೀರು ಹೆಪ್ಪುಗಟ್ಟುವುದಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ ಮೇಲಿನದು. ಬೆಚ್ಚಗಿನ ಕಿಟಕಿಯಲ್ಲಿಡಿ ಎಂದ ಹಾಳೆಯ ಮಾತಿಗೂ ಈ ಬೀಜದ ಇಷ್ಟಕ್ಕೂ ಅಜಗಜಾಂತರ.

ಡಬ್ಬಿಯ ಆರರಲ್ಲಿ ಮೊದಲನೆಯದು ಬೇರು ಬಿಟ್ಟದ್ದು ಮಾರ್ಚ್ 22ರಂದು, ಅಂದರೆ 102ನೇ ದಿನ. ಕಂದು ಸಿಪ್ಪೆಯ ಒಂದು ಮೂಲೆ ಬಿರಿದು, ಅಕ್ಕಿಯ ನುಚ್ಚಿನಷ್ಟು ಬಿಳಿಯ ತುದಿ ಹೊರಗೆ ಇಣುಕಿತ್ತು. ನಾಲ್ಕು ದಿನದಲ್ಲಿ ಅದು ಅರ್ಧ ಇಂಚಾಗಿ, ಕೊಕ್ಕೆಯಂತೆ ಬಾಗಿ, ನಾರಿನ ಎಳೆಯೊಂದನ್ನು ಅಪ್ಪಿ ಹಿಡಿದಿತ್ತು. ಏಪ್ರಿಲ್ ಮೊದಲ ವಾರದಲ್ಲಿ ಎರಡನೆಯದು. ಉಳಿದ ನಾಲ್ಕನ್ನು ಮೇ ತನಕ ಇಟ್ಟು ಕೊನೆಗೆ ಸೀಳಿ ನೋಡಿದೆ: ಮೂರು ಪೊಳ್ಳು, ಒಂದರಲ್ಲಿ ಮಾತ್ರ ಮಡಚಿಟ್ಟ ಹಸಿರು ಬೀಜದಳಗಳು ಇನ್ನೂ ಜೀವಂತವಾಗಿದ್ದವು; ಅದನ್ನು ಸೀಳಿದ್ದಕ್ಕೆ ಅಮ್ಮನಿಂದ ಬೈಗುಳವೂ ಸಿಕ್ಕಿತು. ಅಂತೂ ಹತ್ತು ಬೀಜಗಳಲ್ಲಿ ಕಣ್ಣಿಗೆ ಕಂಡಂತೆ ನಾಲ್ಕು ಖಾಲಿ, ಗಿಡವಾದದ್ದು ಎರಡು.

ಬೇರು ಬಂದ ಬೀಜವನ್ನು ಮಣ್ಣಿಗಿಡುವಾಗ ಡಬ್ಬಿಯೊಳಗಿನ ಕುಂಡ ಕೆಲಸಕ್ಕೆ ಬರುವುದಿಲ್ಲ. ಮೇಪಲ್ ಸಸಿ ಮೇಲೆ ಎರಡಿಂಚು ಕಾಣುವಷ್ಟರಲ್ಲಿ ಕೆಳಗೆ ಅದಕ್ಕಿಂತ ಉದ್ದದ ಬೇರನ್ನು ಇಳಿಸಿರುತ್ತದೆ. ಚಹಾ ಲೋಟದಷ್ಟು ಆಳವೂ ಇಲ್ಲದ ಕುಂಡದಲ್ಲಿ ಅದು ಸುರುಳಿ ಸುತ್ತಿಕೊಳ್ಳುತ್ತದೆ. ನಾನು ಜ್ಯೂಸಿನ ಎತ್ತರದ ರಟ್ಟಿನ ಡಬ್ಬಿಗಳ ತಳಕ್ಕೆ ತೂತು ಹಾಕಿ ಬಳಸಿದೆ. ನೀರನ್ನು ಮೇಲಿನಿಂದ ಸುರಿಯದೆ ತಟ್ಟೆಯಲ್ಲಿಟ್ಟು ತಳದಿಂದ ಹೀರಿಕೊಳ್ಳುವಂತೆ ಮಾಡುವುದು ಒಳ್ಳೆಯದು, ಏಕೆಂದರೆ ಎಳೆಸಸಿಯ ಬುಡ ಕೊಳೆಯುವ ರೋಗ ಮನೆಯೊಳಗಿನ ನಿಂತ ಗಾಳಿಯಲ್ಲಿ ಬೇಗ ಹರಡುತ್ತದೆ: ಸಂಜೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ಮಣ್ಣಿನ ಮಟ್ಟದಲ್ಲಿ ದಾರದಷ್ಟು ತೆಳ್ಳಗಾಗಿ ಮಗುಚಿ ಬಿದ್ದಿರುತ್ತದೆ. ನನ್ನ 21 ಶುಗರ್ ಮೇಪಲ್ ಸಸಿಗಳಲ್ಲಿ ಆರನ್ನು ಹೀಗೆ ಕಳೆದುಕೊಂಡೆ. ಪುಟ್ಟ ಫ್ಯಾನನ್ನು ಹತ್ತಿರದಲ್ಲಿ ಮೆಲ್ಲಗೆ ತಿರುಗಿಸಿಟ್ಟ ಮೇಲೆ ಕಾಟ ನಿಂತಿತು. ಸೂಚನೆಯ ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಡಬ್ಬಿಯ ಸಸಿಗಳೆರಡೂ ಮೊದಲು ಪಟ್ಟಿಯಂಥ ಉದ್ದನೆಯ ಬೀಜದಳಗಳನ್ನು ಬಿಚ್ಚಿ, ಎರಡು ವಾರದ ಮೇಲೆ ನಿಜವಾದ ಎಲೆಗಳನ್ನು ತಂದವು. ನನಗೆ ಬೀಜ ನೋಡಿದಾಗಲೇ ಒಂದು ಸಂಶಯವಿತ್ತು. ರೆಕ್ಕೆ ಕಿತ್ತು ಪೊಟ್ಟಣಕ್ಕೆ ಹಾಕಿದ್ದರೂ ಅವು ಪಾರ್ಕಿನ ಬೀಜಗಳಂತೆ ಗುಂಡಗಿರದೆ, ತಟ್ಟಿದ ನಾಣ್ಯದಂತೆ ಚಪ್ಪಟೆಯಾಗಿದ್ದವು. ಜೂನಿನಲ್ಲಿ ಒಂದು ಎಲೆಯ ತೊಟ್ಟನ್ನು ಮುರಿದು ನೋಡಿದೆ. ಮುರಿದಲ್ಲಿ ಬಿಳಿಯ ಹಾಲಿನ ಸಣ್ಣ ಹನಿ ಉಕ್ಕಿತು. ಶುಗರ್ ಮೇಪಲ್ಲಿನ ತೊಟ್ಟು ಮುರಿದರೆ ಬರುವುದು ತಿಳಿನೀರು. ಹಾಲು ಬರುವುದು ನಾರ್ವೆ ಮೇಪಲ್ಲಿಗೆ. ಎಂದರೆ, ಬಾವುಟದ ಎಲೆಯನ್ನು ಮುಚ್ಚಳದ ಮೇಲೆ ಹೊತ್ತ ಈ ಡಬ್ಬಿಯೊಳಗೆ ಇದ್ದದ್ದು ಕೆನಡಾದ ಮರವೇ ಅಲ್ಲ. ನಾರ್ವೆ ಮೇಪಲ್ 18ನೇ ಶತಮಾನದಲ್ಲಿ ಯೂರೋಪಿನಿಂದ ಉತ್ತರ ಅಮೆರಿಕಕ್ಕೆ ಬಂದದ್ದು. ಎಲ್ಮ್ ಮರಗಳು ರೋಗಕ್ಕೆ ತುತ್ತಾಗಿ ಸತ್ತ ಮೇಲೆ ಅವುಗಳ ಜಾಗದಲ್ಲಿ ಬೀದಿಬೀದಿಗಳಲ್ಲಿ ನೆಟ್ಟದ್ದು. ಹೊಗೆ, ಉಪ್ಪು, ಗಟ್ಟಿನೆಲ ಎಲ್ಲವನ್ನೂ ತಾಳುವ ಗಟ್ಟಿಜೀವ. ಆದರೆ ಅದರ ದಟ್ಟ ನೆರಳಿನಡಿ ಬೇರೆ ಸಸಿಗಳಿಗೆ ಬದುಕಿಲ್ಲ, ಬೀಜ ಹಾರಿ ಕಾಡಿನ ಕಣಿವೆಗಳೊಳಗೂ ಹೊಕ್ಕು ಸ್ಥಳೀಯ ಮೇಪಲ್‌ಗಳನ್ನು ಒತ್ತರಿಸುತ್ತದೆ; ಒಂಟಾರಿಯೋದಲ್ಲಿ ಇಂದು ಅದನ್ನು ಆಕ್ರಮಣಕಾರಿ ಗಿಡವೆಂದೇ ಎಣಿಸುತ್ತಾರೆ. ನಮ್ಮ ಊರ ಕಡೆ ಲಂಟಾನ ಕಂಡವರಿಗೆ ಹೆಚ್ಚು ವಿವರಣೆ ಬೇಡ.

ಹಾಗಾಗಿ ಆ ಎರಡು ಸಸಿಗಳನ್ನು ಕಿತ್ತು ಬಿಸಾಡಲು ಹೊರಟಿದ್ದೆ. “ಹುಟ್ಟಿದ ಗಿಡಾನ ಕೀಳ್ತಾರೇನೇ?” ಎಂದು ಅಮ್ಮ ಅಡ್ಡ ಬಂದರು. ಊರಿಗೆ ಮರಳುವ ಹಿಂದಿನ ದಿನವೂ ಅವಕ್ಕೆ ನೀರು ಹಾಕಿ ಹೋದರು. ಈಗ ಅವು ಕುಂಡದಲ್ಲೇ ಇವೆ, ನೆಲಕ್ಕೆ ಇಳಿಸುವುದಿಲ್ಲವೆಂಬ ಒಪ್ಪಂದದ ಮೇಲೆ.

ಐದರಲ್ಲಿ ಒಂದೂವರೆ ಅಂಕ ಕೊಡುತ್ತೇನೆ. ಅದರಲ್ಲಿ ಒಂದು ನಾರಿನ ಬಿಲ್ಲೆಗೆ, ಅರ್ಧ ತಗಡಿನ ಡಬ್ಬಿಗೆ. ಮೇಪಲ್ ಮೊಳಕೆ ನೋಡಬೇಕೆಂಬ ಆಸೆಯಿರುವ ಇಲ್ಲಿನ ಕನ್ನಡಿಗರು ಈ ಹಣವನ್ನು ಖರ್ಚು ಮಾಡಬೇಕಾಗಿಲ್ಲ. ಮಕ್ಕಳಿಗೆ ಬೇಗ ಫಲ ತೋರಿಸಬೇಕಿದ್ದರೆ ಮೇ ಕೊನೆಯಲ್ಲೋ ಜೂನಿನಲ್ಲೋ ಸಿಲ್ವರ್ ಮೇಪಲ್ ಮರದಡಿಗೆ ಹೋಗಿ, ಅದೇ ದಿನ ಉದುರಿದ ಬೀಜ ತಂದು ಒದ್ದೆಮಣ್ಣಿನ ಮೇಲೆ ಹರಡಿದರೆ ಸಾಕು. ಕಳೆದ ವರ್ಷ ನಾನು ಹಾಕಿದ ಹನ್ನೆರಡರಲ್ಲಿ ಒಂಬತ್ತು ಹತ್ತು ದಿನದೊಳಗೆ ಎದ್ದು ನಿಂತವು. ಶುಗರ್ ಮೇಪಲ್ ಬೇಕಿದ್ದವರು ಅಕ್ಟೋಬರಿನ ತನಕ ಕಾಯಲಿ. ಆ ಸಸಿಯಿಂದ ಸಿರಪ್ ತೆಗೆಯುವ ಕನಸಿದ್ದರೆ ಮಾತ್ರ ಮೂವತ್ತು ನಲವತ್ತು ವರ್ಷ ಕಾಯಬೇಕು, ಮತ್ತು ಆಗಲೂ ಒಂದು ಲೀಟರ್ ಸಿರಪ್ಪಿಗೆ ಸುಮಾರು 40 ಲೀಟರ್ ರಸ ಕುದಿಸಬೇಕು. ಕೊಂಡೇ ತರುವವರು ಜಾತಿಯ ಪೂರ್ಣ ಹೆಸರು, ಬೀಜ ಆರಿಸಿದ ವರ್ಷ, ಎಷ್ಟು ದಿನದ ಚಳಿ ಬೇಕೆಂಬುದು, ಈ ಮೂರೂ ಪೊಟ್ಟಣದ ಮೇಲಿದ್ದರೆ ಮಾತ್ರ ಹಣ ಕೊಡಲಿ. ಜಪಾನಿ ಮೇಪಲ್ಲಿನ ಹೆಸರಾಂತ ತಳಿಗಳ ಬೀಜವೆಂದು ಮಾರುವವರನ್ನು ನಂಬಬೇಡಿ. ಅವುಗಳನ್ನು ಕಸಿ ಕಟ್ಟಿಯೇ ಬೆಳೆಸುವುದು, ಬೀಜದಿಂದ ಬಂದದ್ದು ತಾಯಿಮರದಂತೆಯೇ ಇರುವುದಿಲ್ಲ. ಆನ್‌ಲೈನಿನಲ್ಲಿ ‘ನೀಲಿ ಮೇಪಲ್ ಬೋನ್ಸಾಯ್’ ಎಂದು ನವಿಲುಬಣ್ಣದ ಚಿತ್ರ ಹಾಕಿ ಮಾರುವವರಂತೂ ಚಿತ್ರಕ್ಕೆ ಬಣ್ಣ ಹಚ್ಚಿದವರೇ ಹೊರತು ಮರಕ್ಕಲ್ಲ; ಹಾಗೆ ನೀಲಿ ಎಲೆ ಬಿಡುವ ಮೇಪಲ್ ಇಲ್ಲ.

ಊರಿಗೆ ಒಯ್ಯುವ ವಿಚಾರ ಕೇಳಿದವರಿಗೆ ನನ್ನ ಉತ್ತರ, ಬೇಡ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಬೀಜ ತರಲು ಆಮದು ಪರವಾನಗಿ ಮತ್ತು ಹೊರಟ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಈ ಡಬ್ಬಿಯಲ್ಲಿ ಅಂಥ ಯಾವ ಕಾಗದವೂ ಇಲ್ಲ, ಅದು ಬೇಕೆಂಬ ಎಚ್ಚರಿಕೆಯೂ ಇಲ್ಲ. ಬೆಂಗಳೂರಿನ ಫ್ರಿಜ್ಜಿನಲ್ಲೂ ಬೀಜ ಮೊಳೆಯುತ್ತದೆನ್ನಿ, ಆದರೆ ಎಲೆ ಉದುರಿಸಿ ಮಲಗಲು ಚಳಿಗಾಲವಿಲ್ಲದ ಊರಿನಲ್ಲಿ ಶುಗರ್ ಮೇಪಲ್ ಏಳಿಗೆಯಾಗುವುದಿಲ್ಲ. ಕಾಶ್ಮೀರದಲ್ಲಿ ಇದೆಯಲ್ಲ ಎಂದು ನನ್ನ ಭಾವ ವಾದಿಸಿದರು. ಅವರು ಕಂಡದ್ದು ಚಿನಾರ್, ಎಲೆಯ ಆಕಾರ ಹೋಲುತ್ತದೆಯೇ ಹೊರತು ಅದು ಮೇಪಲ್ ಅಲ್ಲ. ಹಿಮಾಲಯದಲ್ಲಿ ನಿಜವಾದ ಮೇಪಲ್ ಜಾತಿಗಳೂ ಇವೆ, ಆದರೆ ಅದು ಬೇರೆ ಮಾತು.

ಇನ್ನು 20 ಡಾಲರಿನ ನೋಟು. ಪ್ಲಾಸ್ಟಿಕ್ಕಿನ ಹೊಸ ನೋಟುಗಳು ಬಂದ ಮೇಲೆ, 2013ರ ಜನವರಿಯಲ್ಲಿ, ಅವುಗಳ ಮೇಲಿರುವ ಎಲೆ ನಾರ್ವೆ ಮೇಪಲ್ಲಿನದು ಎಂದು ಸಸ್ಯಶಾಸ್ತ್ರಜ್ಞರು ಆಕ್ಷೇಪ ಎತ್ತಿದ್ದರು. ಯಾವುದೇ ಒಂದು ಜಾತಿಯದಲ್ಲ, ಕಲಾವಿದರು ರೂಪಿಸಿದ ಎಲೆ ಎಂದು ಬ್ಯಾಂಕ್ ಆಫ್ ಕೆನಡಾ ಉತ್ತರ ಕೊಟ್ಟಿತು. ಡಬ್ಬಿಯ ತಯಾರಕರಿಗೆ ನಾನು ಚಿತ್ರಸಹಿತ ಪತ್ರ ಬರೆದಾಗ ಬಂದ ಉತ್ತರವೂ ಹೆಚ್ಚುಕಡಿಮೆ ಅದೇ ಧಾಟಿಯದು: ‘ಮೇಪಲ್’ ಎಂದಷ್ಟೇ ಹೇಳಿದ್ದೇವೆ, ಪ್ರಕೃತಿಯ ವಸ್ತುವಿಗೆ ಖಾತರಿ ಕೊಡಲಾಗದು, ಸೌಜನ್ಯಕ್ಕಾಗಿ ಇನ್ನೊಂದು ಪೊಟ್ಟಣ ಕಳಿಸುತ್ತಿದ್ದೇವೆ. ಪೊಟ್ಟಣ ಕಳೆದ ವಾರ ಬಂತು. ಇನ್ನೂ ಒಡೆದಿಲ್ಲ, ಕಾಗದದ ಮೇಲಿನಿಂದಲೇ ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿದೆ. ಹತ್ತೂ ಚಪ್ಪಟೆ.